‘ಬ್ಯಾಕ್ ಒತ್ತಬೇಡಿ’ ಅಂತ ಬರೆದವಳು ನಾನೇ

ಆನ್‌ಲೈನ್‌ನಲ್ಲಿ ಫೀಸು ಕಟ್ಟುವಾಗ, ಟಿಕೆಟ್ ಬುಕ್ ಮಾಡುವಾಗ ಈ ಸಾಲನ್ನು ನೀವು ನೋಡೇ ಇರ್ತೀರಿ. ಪರದೆಯ ನಡುವೆ ಒಂದು ಚಕ್ರ ಸುತ್ತುತ್ತಾ ಇರುತ್ತದೆ. ಅದರ ಕೆಳಗೆ ಕೆಂಪಕ್ಷರದಲ್ಲಿ, ‘ದಯವಿಟ್ಟು ಬ್ಯಾಕ್ ಅಥವಾ ರಿಫ್ರೆಶ್ ಬಟನ್ ಒತ್ತಬೇಡಿ’. ಓದಿದ ತಕ್ಷಣ ಫೋನ್ ಹಿಡಿದ ಕೈ ಬಿಗಿಯಾಗುತ್ತದೆ. ಹೆಬ್ಬೆರಳು ಎಲ್ಲಿ ಅಂಚಿಗೆ ತಾಗಿಬಿಡುತ್ತೋ ಅಂತ ಫೋನನ್ನು ಮೇಜಿನ ಮೇಲಿಟ್ಟು ದೂರ ಕೂತು ನೋಡುವವರೂ ಇದ್ದಾರೆ. ನಮ್ಮಮ್ಮ ಅವರಲ್ಲಿ ಒಬ್ಬರು.

ನನ್ನ ಕೆಲಸ ವೆಬ್‌ಸೈಟ್ ಬರೆಯೋದು. ಅರ್ಜಿ, ಫೀಸು, ರಸೀದಿ ಈ ಬಗೆಯವು. ಆ ಕೆಂಪು ಸಾಲನ್ನು ನಾನೂ ಬರೆದಿದ್ದೀನಿ, ಒಂದಲ್ಲ ಮೂರು ಸೈಟ್‌ಗಳಲ್ಲಿ. ಬರೆಯುವಾಗ ಅದೊಂದು ಒಳ್ಳೆಯ ಸೂಚನೆ ಅಂತಲೇ ಅಂದುಕೊಂಡಿದ್ದೆ. ಅದು ನನ್ನ ಅರ್ಧಂಬರ್ಧ ಕೆಲಸದ ಮೇಲೆ ನಾನೇ ಹಾಕಿದ ಬೋರ್ಡು ಅಂತ ಗೊತ್ತಾಗಿದ್ದು 2022ರ ಜೂನ್‌ನಲ್ಲಿ, ತಿಪಟೂರಿನಿಂದ ಬಂದ ಒಂದು ಫೋನಿನಿಂದ.

ಹೆಸರು ತಪ್ಪಾಗಿತ್ತು, ಅಷ್ಟೇ

ಒಂದು ಡಿಪ್ಲೊಮಾ ಕಾಲೇಜಿಗೆ ಪ್ರವೇಶದ ಅರ್ಜಿ ತುಂಬುವ ಸೈಟ್ ಮಾಡಿಕೊಟ್ಟಿದ್ದೆವು. ಐದು ಪುಟ. ಮೊದಲನೆಯದರಲ್ಲಿ ಹೆಸರು, ವಿಳಾಸ. ಎರಡನೆಯದರಲ್ಲಿ ಎಸ್ಸೆಸ್ಸೆಲ್ಸಿ ಅಂಕಗಳು. ಮೂರನೆಯದರಲ್ಲಿ ಫೋಟೊ, ಸಹಿ. ನಾಲ್ಕನೆಯದರಲ್ಲಿ ಫೀಸು. ಐದನೆಯದು ರಸೀದಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ದಿನಾ ಅರ್ಜಿ ಬರ್ತಾ ಇದ್ದವು, ನಮಗೂ ಖುಷಿ.

ಒಂದು ಬೆಳಿಗ್ಗೆ ಕಾಲೇಜಿನ ಆಫೀಸಿನವರು ಒಬ್ಬರ ನಂಬರ್ ಕಳಿಸಿ, ‘ಇವರು ಎರಡು ಸಲ ಫೀಸು ಕಟ್ಟಿದ್ದಾರಂತೆ, ಏನಂತ ನೋಡಿ’ ಅಂದರು. ನಾನೇ ಫೋನ್ ಮಾಡಿದೆ. ಆ ಕಡೆ ಇದ್ದವರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಮಗಳ ಅರ್ಜಿ. ₹8,450 ಒಂದಲ್ಲ, ಎರಡು ಸಲ ಹೋಗಿದೆ. ಎರಡನೇ ಸಲದ್ದು ಮಂಡಿ ಯಜಮಾನರ ಹತ್ತಿರ ಆ ರಾತ್ರಿಯೇ ಕೈಗಡ ಇಸ್ಕೊಂಡಿದ್ದು.

ಲಾಗ್ ತೆರೆದು ಕೂತಿದ್ದ ನಾನು ಮೊದಲು ಹೇಳಿದ ಮಾತು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತೆ. ‘ಅಲ್ಲಿ ಬ್ಯಾಕ್ ಒತ್ತಬೇಡಿ ಅಂತ ಬರೆದಿತ್ತಲ್ಲಾ ಸರ್?’

‘ಬರೆದಿತ್ತು ಮೇಡಂ, ಓದಿದೆ. ಆದ್ರೆ ರಸೀದೀಲಿ ನಮ್ ಹುಡುಗಿ ಇನಿಶಿಯಲ್ ತಪ್ಪಾಗಿತ್ತು. ಸರಿ ಮಾಡೋಕೆ ಇನ್ನೆಲ್ಲಿಗೆ ಹೋಗ್ಬೇಕಿತ್ತು, ನೀವೇ ಹೇಳಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಆ ಐದು ಪುಟಗಳಲ್ಲಿ ಎಲ್ಲೂ ‘ಹಿಂದಿನ ಪುಟ’ ಅನ್ನುವ ಗುಂಡಿ ನಾನು ಇಟ್ಟಿರಲಿಲ್ಲ. ‘ಮುಂದೆ’ ಮಾತ್ರ ಇತ್ತು. ತಪ್ಪು ತಿದ್ದಬೇಕು ಅನ್ನುವವರಿಗೆ ಇದ್ದದ್ದು ಒಂದೇ ದಾರಿ, ಬ್ರೌಸರ್‌ನ ಬ್ಯಾಕ್. ಅದರ ಮೇಲೂ ನಾನು ಕೆಂಪು ಬೋರ್ಡು ಹಾಕಿದ್ದೆ.

ಆ ಒಂಬತ್ತು ನಿಮಿಷ

ಮೊದಲ ಪಾವತಿ ಸಂಜೆ 7:42ಕ್ಕೆ, ಎರಡನೆಯದು 7:51ಕ್ಕೆ. ನಡುವೆ ಏನಾಯ್ತು ಅಂತ ಅವರನ್ನೇ ಕೇಳಿ ಕೇಳಿ ಜೋಡಿಸಿದೆ.

ರಸೀದಿ ಬಂತು. ಇನಿಶಿಯಲ್ ತಪ್ಪು ಕಂಡಿತು. ಬ್ಯಾಕ್ ಒತ್ತಿದರು. ರಸೀದಿಗೆ ಮುಂಚೆ ಅವರ ಫೋನು ಕಂಡಿದ್ದ ಪುಟ ಪೇಮೆಂಟ್ ಗೇಟ್‌ವೇಯದ್ದು. ಅದು ‘ಸೆಷನ್ ಮುಗಿದಿದೆ’ ಅಂತು. ಇನ್ನೊಂದು ಸಲ ಬ್ಯಾಕ್. ಈಗ ನಮ್ಮ ನಾಲ್ಕನೇ ಪುಟ. ಅದರಲ್ಲಿ ದೊಡ್ಡದಾಗಿ, ‘ಬಾಕಿ ಶುಲ್ಕ: ₹8,450’. ಹತ್ತು ನಿಮಿಷದ ಹಿಂದೆ ಹೇಗಿತ್ತೋ ಹಾಗೇ. ಇನ್ನೂ ಹಿಂದೆ ಹೋಗಿ ಇನಿಶಿಯಲ್ ತಿದ್ದಿದರು. ಮುಂದೆ, ಮುಂದೆ, ಮುಂದೆ. ಮತ್ತೆ ಬಾಕಿ ₹8,450. ಅಷ್ಟರಲ್ಲಿ ಖಾತೆಯಲ್ಲಿ ಹಣವಿಲ್ಲ, ಯಜಮಾನರಿಗೆ ಫೋನ್ ಮಾಡಿ ಹಾಕಿಸಿಕೊಂಡರು, ಕಟ್ಟಿದರು.

‘ಹಿಂದಕ್ಕೆ ಬಂದ್ವಲ್ಲ, ಮೊದಲನೇದು ಕ್ಯಾನ್ಸಲ್ ಆಗಿರುತ್ತೆ, ದುಡ್ಡು ಮೂರ್ನಾಲ್ಕು ದಿನದಲ್ಲಿ ವಾಪಸ್ ಬರುತ್ತೆ ಅಂದ್ಕೊಂಡೆ ಮೇಡಂ. ಸೆಷನ್ ಮುಗೀತು ಅಂತ್ಲೂ ಬಂತಲ್ಲ.’

ಇದರಲ್ಲಿ ಅವರ ತಪ್ಪು ಎಲ್ಲಿದೆ ಹೇಳಿ. ಪರದೆ ಏನು ಹೇಳಿತೋ ಅದನ್ನೇ ನಂಬಿದರು. ಪರದೆ ಸುಳ್ಳು ಹೇಳಿತ್ತು.

ಹಣದ ವಿಷಯ ಹಾಗಿರಲಿ, ಅದಕ್ಕಿಂತ ದೊಡ್ಡ ಗಂಟು ಇನ್ನೊಂದಿತ್ತು. ಎರಡು ಸಲ ಸಲ್ಲಿಸಿದ್ದರಿಂದ ಅದೇ ಹುಡುಗಿಗೆ ಎರಡು ಅರ್ಜಿ ಸಂಖ್ಯೆ ಹುಟ್ಟಿದ್ದವು. ಕಾಲೇಜಿನ ಆಫೀಸಿನವರು ‘ಡೂಪ್ಲಿಕೇಟ್’ ಅಂತ ಎರಡನೆಯದನ್ನು ರದ್ದು ಮಾಡಿಯೂ ಬಿಟ್ಟಿದ್ದರು. ಎರಡನೆಯದೇ ಸರಿ ಹೆಸರಿದ್ದದ್ದು! ಉಳಿದದ್ದು ಅಂಕಪಟ್ಟಿಗೆ ಹೊಂದದ ಇನಿಶಿಯಲ್ ಇರುವ ಅರ್ಜಿ. ದಾಖಲಾತಿ ಪರಿಶೀಲನೆಗೆ ಮೂರು ದಿನ ಬಾಕಿ. ಆ ಪಟ್ಟಿಯಲ್ಲಿ ಹೆಸರು ಹೊಂದದಿದ್ದರೆ ಅರ್ಜಿ ಪಕ್ಕಕ್ಕೆ.

ಡೇಟಾಬೇಸ್‌ನಲ್ಲಿ ಕೈಯಾರೆ ತಿದ್ದಿ, ಆಫೀಸಿನವರಿಂದ ಒಪ್ಪಿಗೆ ಬರೆಸಿಕೊಂಡು, ರದ್ದಾದದ್ದನ್ನು ಎಬ್ಬಿಸಿ ಕೂರಿಸೋ ಹೊತ್ತಿಗೆ ಆ ದಿನ ರಾತ್ರಿ ಹತ್ತು. ಒಬ್ಬರದ್ದು ಸರಿಯಾಯ್ತು. ಆಮೇಲೆ ಹುಡುಕಿದರೆ ಒಂದೇ ಮೊಬೈಲ್ ನಂಬರಿನಿಂದ ಎರಡೆರಡು ಅರ್ಜಿ ಇರುವವರು ಇನ್ನೂ ಸಿಕ್ಕರು. ಅವರು ಯಾರೂ ಫೋನ್ ಮಾಡಿರಲಿಲ್ಲ.

ಹಾಳೆ ತಿರುಗಿಸಿದರೆ ಅಂಕಿ ಅಳಿಸಲ್ಲ

ಮಾರನೇ ದಿನ ಅವರಿಗೆ ವಿಷಯ ತಿಳಿಸಲು ಫೋನ್ ಮಾಡಿದಾಗ, ಹಿಂದಕ್ಕೆ ಹೋದರೂ ಪಾವತಿ ರದ್ದಾಗಲ್ಲ ಸರ್ ಅಂತ ಬಿಡಿಸಿ ಹೇಳಲು ಹೊರಟೆ. ಅವರೇ ತಡೆದು, ‘ಅಂದ್ರೆ ಲೆಕ್ಕದ ಪುಸ್ತಕ ಇದ್ದ ಹಾಗೆ. ಹಿಂದಿನ ಹಾಳೆ ತಿರುಗಿಸಿದ್ರೆ ಮುಂದಿನ ಹಾಳೇಲಿ ಬರೆದಿದ್ದು ಅಳಿಸಿ ಹೋಗುತ್ತಾ?’ ಅಂದರು. ಇದಕ್ಕಿಂತ ಚೆನ್ನಾಗಿ ಯಾವ ಟ್ರೈನಿಂಗ್‌ನಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವೆಬ್ ಶುರುವಾಗಿದ್ದೇ ಓದೋದಕ್ಕೆ. 1990ರ ಸುಮಾರಿಗೆ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಅದನ್ನು ಕಟ್ಟಿದಾಗ ಅದು ಒಂದಕ್ಕೊಂದು ಕೊಂಡಿ ಹಾಕಿದ ಕಾಗದಗಳ ಕಂತೆ. 1993ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್ ಬ್ರೌಸರ್‌ನಲ್ಲೇ ಬ್ಯಾಕ್, ಫಾರ್ವರ್ಡ್ ಗುಂಡಿಗಳಿದ್ದವು. ಒಂದು ಕೊಂಡಿ ಹಿಡಿದು ಎಲ್ಲೋ ಹೋದವರು ಹೊರಟ ಜಾಗಕ್ಕೆ ಮರಳಲಿ ಅಂತ. ಓದುವವರಿಗೆ ಇದಕ್ಕಿಂತ ಬೇರೇನು ಬೇಕು? ಹಾಳೆ ಹಿಂದೆ ಮುಂದೆ ತಿರುಗಿಸಬಹುದು, ಯಾರಿಗೂ ನಷ್ಟವಿಲ್ಲ.

ಆಮೇಲೆ ನಾವು ಅದೇ ಪುಸ್ತಕದಲ್ಲಿ ಬರೆಯಲು ಶುರು ಮಾಡಿದೆವು. ಅರ್ಜಿ, ಫೀಸು, ಟಿಕೆಟ್. ಬ್ರೌಸರ್ ಸರ್ವರ್ ಜೊತೆ ಮಾತಾಡುವ ಭಾಷೆಗೆ ಎಚ್‌ಟಿಟಿಪಿ ಅಂತಾರೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ಕೋರಿಕೆ. ಗೆಟ್ ಅಂದರೆ ‘ಆ ಹಾಳೆ ತೋರಿಸು’. ಪೋಸ್ಟ್ ಅಂದರೆ ‘ಇದನ್ನು ಬರೆದುಕೋ’. ತೋರಿಸು ಅಂತ ನೂರು ಸಲ ಕೇಳಿದರೂ ಲೆಕ್ಕ ಬದಲಾಗಲ್ಲ. ಬರೆದುಕೋ ಅಂತ ಎರಡು ಸಲ ಹೇಳಿದರೆ ಎರಡು ಸಲ ಬರೆಯುತ್ತದೆ.

ಈಗ ಮುಖ್ಯ ವಿಷಯ. ನೀವು ಬ್ಯಾಕ್ ಒತ್ತಿದಾಗ ‘ಇವರು ಹಿಂದಕ್ಕೆ ಬಂದರು’ ಅನ್ನುವ ಸುದ್ದಿ ಸರ್ವರ್‌ಗೆ ಹೋಗೋದೇ ಇಲ್ಲ. ಬಹಳ ಸಲ ಅದು ನಿಮ್ಮ ಫೋನಿನೊಳಗೇ ನಡೆದು ಮುಗಿಯುತ್ತದೆ. ಫೋನು ತಾನು ಎತ್ತಿಟ್ಟುಕೊಂಡ ಹಳೇ ಪುಟವನ್ನು ತೋರಿಸುತ್ತದೆ. ಇದೇನೂ ಬ್ರೌಸರ್‌ನ ತಪ್ಪಲ್ಲ. 1999ರ ಎಚ್‌ಟಿಟಿಪಿ ನಿಯಮಾವಳಿಯಲ್ಲೇ, ಹಿಂದೆ ಹೋದಾಗ ಬಳಕೆದಾರ ಅಂದು ಏನು ಕಂಡಿದ್ದನೋ ಅದನ್ನೇ ತೋರಿಸಬೇಕು ಅನ್ನುವ ಅರ್ಥದ ಮಾತಿದೆ. ಓದುವವರ ದೃಷ್ಟಿಯಿಂದ ಅದು ಸರಿಯೇ.

ಈಚೆಗೆ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬಿಎಫ್‌ಕ್ಯಾಶ್ ಅಂತ ಒಂದು ಏರ್ಪಾಡಿದೆ. ನೀವು ಪುಟ ಬಿಟ್ಟು ಹೋಗುವಾಗ ಬ್ರೌಸರ್ ಅದನ್ನು ಇದ್ದ ಸ್ಥಿತಿಯಲ್ಲೇ ಹೆಪ್ಪುಗಟ್ಟಿಸಿ ಮೆಮೊರಿಯಲ್ಲಿ ಇಡುತ್ತದೆ. ಹಿಂದೆ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಅದೇ ಪುಟ, ಅದೇ ಸ್ಕ್ರೋಲ್, ಟೈಪ್ ಮಾಡಿದ ಅಕ್ಷರಗಳ ಸಮೇತ ವಾಪಸ್. ಫೈರ್‌ಫಾಕ್ಸ್ ಇದನ್ನು 2005ರಲ್ಲೇ ತಂದಿತ್ತು. ಕ್ರೋಮ್ ತಡವಾಗಿ, ಮೊದಲು ಆಂಡ್ರಾಯ್ಡ್ ಫೋನಿಗೆ, 2021ರ ಕೊನೆಗೆ ಕಂಪ್ಯೂಟರಿಗೂ ತಂದಿತು. ನಿಧಾನ ನೆಟ್‌ವರ್ಕ್ ಇರುವ ಕಡೆ ಇದು ವರದಾನ. ಆದರೆ ‘ಬಾಕಿ ₹8,450’ ಅಂತ ಬರೆದ ಪುಟವನ್ನು ಹೆಪ್ಪುಗಟ್ಟಿಸಿ ಇಟ್ಟರೆ, ಕಟ್ಟಿದ ಮೇಲೂ ಬಾಕಿಯೇ ಕಾಣುತ್ತದೆ.

ಬೀಗ ಹಾಕಲು ಹೋಗಿದ್ದು

ನನ್ನ ಮೊದಲ ಉಪಾಯ ಬಹುಪಾಲು ಡೆವಲಪರ್‌ಗಳದ್ದೇ. ಬ್ಯಾಕ್ ಕೆಲಸವೇ ಮಾಡದ ಹಾಗೆ ಮಾಡಿಬಿಡೋಣ! ಜಾವಾಸ್ಕ್ರಿಪ್ಟ್‌ನಲ್ಲಿ ಪುಶ್‌ಸ್ಟೇಟ್ ಅಂತ ಒಂದು ಸೌಲಭ್ಯ ಇದೆ, ಬ್ರೌಸರ್‌ನ ಇತಿಹಾಸದ ಪಟ್ಟಿಗೆ ನಾವೇ ಒಂದು ಸಾಲು ಸೇರಿಸಬಹುದು. ಇಡೀ ಆ್ಯಪ್ ಒಂದೇ ಪುಟದಲ್ಲಿ ನಡೆಯುವ ಸೈಟ್‌ಗಳಲ್ಲಿ ಬ್ಯಾಕ್ ಸರಿಯಾಗಿ ಕೆಲಸ ಮಾಡಲಿ ಅಂತ ಬಂದದ್ದು ಅದು. ನಾನು ಅದನ್ನು ಉಲ್ಟಾ ಬಳಸಿದೆ. ಹಿಂದೆ ಹೋದವರು ಮತ್ತೆ ಅದೇ ಪುಟಕ್ಕೆ ಬಂದು ಬೀಳುವ ಹಾಗೆ. ಹತ್ತು ಸಾಲಿನ ಕೋಡು, ಟೆಸ್ಟ್ ಮಾಡಿ ನೋಡಿದೆ, ಭಲೇ ಅನ್ನಿಸಿತು.

ನಮ್ಮ ಟೀಮಿನ ಹಿರಿಯರೊಬ್ಬರು ನೋಡಿ ಹೇಳಿದ್ದು ಇಷ್ಟೇ: ‘ಮನೆಗೆ ಬಂದೋರನ್ನ ಒಳಗೆ ಕೂಡಿಹಾಕಿ ಬೀಗ ಹಾಕ್ತೀಯಲ್ಲಮ್ಮ.’

ಅವರು ಹೇಳಿದ್ದು ಬರೀ ಮಾತಿಗಲ್ಲ. ಇದೇ ತಂತ್ರವನ್ನು ಜಾಹೀರಾತು ಸೈಟ್‌ಗಳು ಎಷ್ಟು ಬಳಸಿದವು ಅಂದರೆ, ಹಿಂದೆ ಹೋಗಲು ನೋಡಿದರೆ ‘ಇವನ್ನೂ ಓದಿ’ ಅನ್ನುವ ಸುಳ್ಳು ಪುಟ ಎದುರಿಗೆ ನಿಲ್ಲುತ್ತಿತ್ತು. 2019ರಲ್ಲಿ ಕ್ರೋಮ್ ಇದಕ್ಕೆ ಕಡಿವಾಣ ಹಾಕಿತು. ನೀವು ಮುಟ್ಟದೆ, ಒತ್ತದೆ ಇತಿಹಾಸಕ್ಕೆ ಸೇರಿಕೊಂಡ ಸಾಲುಗಳನ್ನು ಬ್ಯಾಕ್ ಒತ್ತಿದಾಗ ದಾಟಿಕೊಂಡು ಹೋಗುತ್ತದೆ. ಅಂದರೆ ನನ್ನ ಹತ್ತು ಸಾಲು ಕೆಲವು ಫೋನಿನಲ್ಲಿ ಕೆಲಸ ಮಾಡುತ್ತಿತ್ತು, ಕೆಲವದರಲ್ಲಿ ಇಲ್ಲ. ಕೆಲಸ ಮಾಡಿದ ಕಡೆ ಜನ ಸಿಕ್ಕಿಹಾಕಿಕೊಂಡು ಬ್ರೌಸರ್ ಅನ್ನೇ ಮುಚ್ಚುತ್ತಿದ್ದರು.

ಇನ್ನೊಂದು ಮಾತು. ‘ಬ್ಯಾಕ್ ಬಟನ್ ಒತ್ತಬೇಡಿ’ ಅನ್ನುವಾಗ ನಮ್ಮ ಕಣ್ಣ ಮುಂದೆ ಇರೋದು ಕಂಪ್ಯೂಟರ್‌ನ ಎಡ ಮೂಲೆಯ ಬಾಣ. ಆಂಡ್ರಾಯ್ಡ್ 10 ಬಂದ ಮೇಲೆ ಎಷ್ಟೋ ಫೋನಿನಲ್ಲಿ ಬಟನ್ನೇ ಇಲ್ಲ, ಪರದೆಯ ಅಂಚಿನಿಂದ ಬೆರಳು ಸರಿಸಿದರೆ ಅದೇ ಬ್ಯಾಕ್. ಫೋಟೊ ಅಪ್‌ಲೋಡ್ ಮಾಡುವಾಗ, ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ನಿಂತಿರುವಾಗ ಗೊತ್ತಿಲ್ಲದೇ ಸರಿದುಹೋಗುತ್ತೆ. ಕಂಪ್ಯೂಟರ್‌ನಲ್ಲೂ ಇಂಥದ್ದೇ ಒಂದು ಕಥೆ ಇತ್ತು. ಬ್ಯಾಕ್‌ಸ್ಪೇಸ್ ಕೀ ಒತ್ತಿದರೆ ಹಿಂದಿನ ಪುಟಕ್ಕೆ ಹೋಗುತ್ತಿತ್ತು. ಒಂದಕ್ಷರ ಅಳಿಸಲು ಹೋಗಿ ಇಡೀ ಅರ್ಜಿ ಕಳೆದುಕೊಂಡವರ ಗೋಳು ಕೇಳಿ ಕೇಳಿ 2016ರಲ್ಲಿ ಕ್ರೋಮ್ ಅದನ್ನು ತೆಗೆದೇಬಿಟ್ಟಿತು. ಬ್ರೌಸರ್ ಮಾಡುವವರು ಜನರ ಬೆರಳಿನ ಪ್ರಕಾರ ತಾವು ಬದಲಾದರು. ನಾವು ಸೈಟ್ ಮಾಡುವವರು ಮಾತ್ರ ಬೋರ್ಡು ಹಾಕಿ ಕೈ ತೊಳೆದುಕೊಂಡೆವು.

ಕೊನೆಗೆ ಏನು ಮಾಡಿದೆ

ಬೀಗದ ಕೋಡು ಕಿತ್ತು ಹಾಕಿದೆ. ಎರಡು ವಾರ ಕೂತು ಅರ್ಜಿಯ ಹರಿವನ್ನೇ ತಿರುಗಿ ಬರೆದೆ. ನಿಮ್ಮಲ್ಲಿ ಸೈಟ್ ಬರೆಯುವವರು ಇದ್ದರೆ ಉಪಯೋಗಕ್ಕೆ ಬರಬಹುದು, ಇಲ್ಲದವರು ನಿಮ್ಮ ಫೋನಿನ ಹಿಂದೆ ಏನು ನಡೆಯುತ್ತೆ ಅಂತ ತಿಳಿಯಲು ಓದಿ.

ಹಳೇ ಕೋಡಿನಲ್ಲಿ ‘ಈ ವ್ಯಕ್ತಿ ಈಗ ನಾಲ್ಕನೇ ಹಂತದಲ್ಲಿದ್ದಾರೆ’ ಅಂತ ಸರ್ವರ್ ಒಂದು ಕಡೆ ಬರೆದಿಟ್ಟುಕೊಳ್ಳುತ್ತಿತ್ತು. ಅವರು ಬ್ಯಾಕ್ ಒತ್ತಿ ಎರಡನೇ ಪುಟ ನೋಡುತ್ತಾ ಇದ್ದರೂ ಸರ್ವರ್ ಪ್ರಕಾರ ನಾಲ್ಕರಲ್ಲೇ. ಅಲ್ಲಿಂದ ಏನಾದರೂ ಕಳಿಸಿದರೆ ಗೊಂದಲ, ‘ಏನೋ ತಪ್ಪಾಗಿದೆ, ಮೊದಲಿಂದ ಶುರು ಮಾಡಿ’. ನಿಮಗೂ ಈ ಅನುಭವ ಆಗಿರುತ್ತೆ. ಅದನ್ನು ತೆಗೆದು ಪ್ರತಿ ಪುಟಕ್ಕೂ ಅದರದೇ ವಿಳಾಸ ಕೊಟ್ಟೆ. ಅರ್ಜಿ ಸಂಖ್ಯೆ ಮೊದಲ ಪುಟದಲ್ಲೇ ಹುಟ್ಟುತ್ತದೆ, ಆಮೇಲೆ ಎಷ್ಟು ಸಲ ಹಿಂದೆ ಮುಂದೆ ಓಡಾಡಿದರೂ ಅದೇ ಸಂಖ್ಯೆಯ ಅರ್ಜಿ ತಿದ್ದುಪಡಿ ಆಗುತ್ತದೆಯೇ ಹೊರತು ಹೊಸದು ಹುಟ್ಟಲ್ಲ. ತುಂಬಿದ್ದು ಪುಟ ಪುಟಕ್ಕೂ ಉಳಿಯುತ್ತದೆ. ಜೊತೆಗೆ ನಾನು ಮೊದಲೇ ಇಡಬೇಕಿದ್ದ ‘ಹಿಂದಿನ ಪುಟ’ ಗುಂಡಿ.

ಎರಡನೆಯದು ಹಳೇ ಪಾಠ, ನಾನು ಓದಿಯೂ ಬಳಸದೇ ಬಿಟ್ಟಿದ್ದು. ಅರ್ಜಿ ಕಳಿಸಿದಾಗ ಪೋಸ್ಟ್ ಬರುತ್ತದಲ್ಲ, ಅದಕ್ಕೆ ಉತ್ತರವಾಗಿ ನೇರವಾಗಿ ಪುಟ ತೋರಿಸಬಾರದು. ‘ಬರೆದುಕೊಂಡೆ, ಇನ್ನು ಈ ವಿಳಾಸಕ್ಕೆ ಹೋಗಿ ನೋಡು’ ಅಂತ ಬ್ರೌಸರ್ ಅನ್ನು ಬೇರೆ ಕಡೆ ಕಳಿಸಬೇಕು. ಬ್ರೌಸರ್ ಅಲ್ಲಿ ಹೋಗಿ ಗೆಟ್ ಮೂಲಕ ರಸೀದಿ ತರುತ್ತದೆ. ಪೋಸ್ಟ್, ರೀಡೈರೆಕ್ಟ್, ಗೆಟ್ ಅಂತ ಇದನ್ನು ಕರೀತಾರೆ. ಹೀಗೆ ಮಾಡಿದರೆ ಇತಿಹಾಸದ ಪಟ್ಟಿಯಲ್ಲಿ ಉಳಿಯೋದು ‘ತೋರಿಸು’ ಮಾತ್ರ, ‘ಬರೆದುಕೋ’ ಉಳಿಯಲ್ಲ. ರಸೀದಿ ಪುಟ ರಿಫ್ರೆಶ್ ಮಾಡಿದರೆ ‘ಫಾರ್ಮ್ ಮತ್ತೆ ಕಳಿಸಬೇಕೇ?’ ಅಂತ ಹೆದರಿಸುವ ಆ ಪೆಟ್ಟಿಗೆ ಬರೋದಿಲ್ಲ. ಇದಕ್ಕಾಗಿಯೇ ಎಚ್‌ಟಿಟಿಪಿ 1.1ರಲ್ಲಿ 303 ಅಂತ ಒಂದು ಪ್ರತ್ಯೇಕ ಸಂಖ್ಯೆ ಇದೆ, 1990ರ ದಶಕದಿಂದಲೂ. ಅಂದರೆ ನಾನು ಶಾಲೆಯಲ್ಲಿ ಇದ್ದಾಗಲೇ ಪರಿಹಾರ ಸಿದ್ಧವಿತ್ತು.

ಆದರೆ ಪ್ರಾಮಾಣಿಕವಾಗಿ ಹೇಳ್ತೀನಿ, ಇದೊಂದನ್ನೇ ಮಾಡಿದ್ದರೆ ತಿಪಟೂರಿನವರ ಹಣ ಉಳಿಯುತ್ತಿರಲಿಲ್ಲ. ಅವರು ರಿಫ್ರೆಶ್ ಮಾಡಲಿಲ್ಲ, ಹಳೇ ಪುಟಕ್ಕೆ ಹೋಗಿ ಹೊಸದಾಗಿಯೇ ಕಟ್ಟಿದರು. ಎಷ್ಟೋ ಬರಹಗಳಲ್ಲಿ ರೀಡೈರೆಕ್ಟ್ ಮಾಡಿ, ಎಲ್ಲಾ ಸರಿಹೋಗುತ್ತೆ ಅಂತ ಹೇಳಿ ಮುಗಿಸ್ತಾರೆ. ಸರಿಹೋಗಲ್ಲ. ಹಣ ಉಳಿಸೋದು ಸರ್ವರ್ ಕೇಳುವ ಒಂದೇ ಪ್ರಶ್ನೆ: ‘ಈ ಅರ್ಜಿ ಸಂಖ್ಯೆಗೆ ಈಗಾಗಲೇ ಹಣ ಬಂದಿದೆಯಾ?’ ನಾಚಿಕೆಗೇಡು ಅಂದರೆ ನನ್ನ ಹಳೇ ಕೋಡು ಅದನ್ನು ಕೇಳುತ್ತಲೇ ಇರಲಿಲ್ಲ. ಪರದೆಯ ಮೇಲೆ ‘ಕಟ್ಟಿ’ ಗುಂಡಿ ಇದ್ದರೆ ಬಾಕಿ ಇದೆ ಅಂತಲೇ ಅರ್ಥ ಅಂದುಕೊಂಡಿದ್ದೆ.

ಈಗ ‘ಕಟ್ಟಿ’ ಒತ್ತಿದ ಕೂಡಲೇ ಸರ್ವರ್ ಮೊದಲು ತನ್ನ ಪುಸ್ತಕ ನೋಡುತ್ತದೆ. ಅಲ್ಲಿ ಅರೆಬರೆ ಪಾವತಿ ಏನಾದರೂ ಇದ್ದರೆ ಗೇಟ್‌ವೇಯನ್ನೇ ನೇರವಾಗಿ ಕೇಳುತ್ತದೆ, ಅದರ ಕಥೆ ಏನಾಯ್ತು ಅಂತ. ಯಾಕೆಂದರೆ ಹಣ ಹೋದ ಮೇಲೆ ರಸೀದಿ ಪುಟಕ್ಕೆ ಬರುವ ಮುನ್ನವೇ ಬ್ಯಾಕ್ ಒತ್ತಿದವರು, ಬ್ಯಾಟರಿ ಸತ್ತವರು, ಸಿಗ್ನಲ್ ಹೋದವರು ಇರ್ತಾರೆ. ಬಳಕೆದಾರರ ಫೋನು ಬಂದು ಹೇಳಿದರೆ ಮಾತ್ರ ಪಾವತಿ ಆಯಿತು ಅಂತ ನಂಬುವ ಸೈಟ್ ಅವರನ್ನೆಲ್ಲ ಕೈಬಿಡುತ್ತದೆ. ಹಾಗಾಗಿ ಗೇಟ್‌ವೇಯ ಸರ್ವರ್ ನಮ್ಮ ಸರ್ವರ್‌ಗೆ ಹಿಂಬಾಗಿಲಿನಿಂದ ತಾನೇ ಸುದ್ದಿ ಕಳಿಸುವ ಏರ್ಪಾಡನ್ನೂ ಹಾಕಿದೆವು. ಇನ್ನೂ ಒಂದು ಭದ್ರತೆಗೆ, ಪ್ರತಿ ಫಾರ್ಮ್‌ನ ಜೊತೆ ಒಂದು ಗುಪ್ತ ಸಂಖ್ಯೆ ಕಳಿಸುತ್ತೇವೆ. ಊಟದ ಟೋಕನ್ ಇದ್ದ ಹಾಗೆ, ಒಂದು ಸಲ ಕೊಟ್ಟು ಹರಿದರೆ ಮುಗೀತು. ಅದೇ ಸಂಖ್ಯೆ ಮತ್ತೆ ಬಂದರೆ ಹೊಸದಾಗಿ ಬರೆದುಕೊಳ್ಳೋದಿಲ್ಲ, ಹಿಂದಿನ ರಸೀದಿಯನ್ನೇ ತೋರಿಸುತ್ತದೆ.

ಉಳಿದದ್ದು ಆ ಸುಳ್ಳು ಹೇಳುವ ಪುಟ. ಫೀಸಿನ ಪುಟಕ್ಕೆ ‘ನೋ-ಸ್ಟೋರ್’ ಅಂತ ಒಂದು ಸೂಚನೆ ಅಂಟಿಸಿದೆ. ಇದನ್ನು ಎತ್ತಿಟ್ಟುಕೊಳ್ಳಬೇಡ, ಪ್ರತಿ ಸಲ ನನ್ನನ್ನು ಕೇಳು ಅಂತ. ಮೊದಲು ಉತ್ಸಾಹದಲ್ಲಿ ಐದೂ ಪುಟಕ್ಕೆ ಅಂಟಿಸಿಬಿಟ್ಟಿದ್ದೆ. ಆಗ ಹಿಂದೆ ಹೋದವರಿಗೆ ಟೈಪ್ ಮಾಡಿ ಇನ್ನೂ ಕಳಿಸದಿದ್ದ ಅಕ್ಷರಗಳು ಮಾಯವಾಗತೊಡಗಿದವು. ವಿಳಾಸ ಎರಡು ಸಲ ಟೈಪ್ ಮಾಡೋ ಸಿಟ್ಟು ನಿಮಗೆ ಗೊತ್ತಲ್ಲ. ಹಾಗಾಗಿ ಹಣದ ಪುಟಕ್ಕೆ ಮಾತ್ರ ಉಳಿಸಿದೆ. ಅದರ ಮೇಲೂ ಹೆಪ್ಪುಗಟ್ಟಿದ ಪುಟ ಎದ್ದು ಬಂದರೆ ತಿಳಿಯಲಿ ಅಂತ ಬ್ರೌಸರ್ ಕೊಡುವ ‘ಪೇಜ್‌ಶೋ’ ಸಂಕೇತವನ್ನು ಕೇಳಿಸಿಕೊಳ್ಳುವ ನಾಲ್ಕು ಸಾಲು ಬರೆದೆ. ಪುಟ ಎದ್ದ ತಕ್ಷಣ ಬಾಕಿ ಎಷ್ಟು ಅಂತ ಸರ್ವರ್‌ಗೆ ಕೇಳಿ ತಿದ್ದಿಕೊಳ್ಳುತ್ತದೆ. ಕಟ್ಟಿಯಾಗಿದ್ದರೆ ‘ಪಾವತಿಯಾಗಿದೆ’ ಅಂತ ಹಸಿರಿನಲ್ಲಿ ಬರುತ್ತದೆ, ‘ಕಟ್ಟಿ’ ಗುಂಡಿ ಇರೋದೇ ಇಲ್ಲ.

ರಸೀದಿ ಪುಟದಲ್ಲಿ ಒಂದು ಹೊಸ ಸಾಲು ಸೇರಿಸಿದೆ: ‘ವಿವರ ತಪ್ಪಾಗಿದೆಯೇ? ಇಲ್ಲಿ ತಿದ್ದಿ. ಮತ್ತೆ ಹಣ ಕಟ್ಟಬೇಕಿಲ್ಲ.’ ಎರಡು ವಾರದ ಕೆಲಸದಲ್ಲಿ ಅತಿ ಕಡಿಮೆ ಹೊತ್ತು ತೆಗೆದುಕೊಂಡದ್ದು ಇದೇ. ಇದೊಂದು ಇದ್ದಿದ್ದರೆ ಅವರು ಬ್ಯಾಕ್ ಒತ್ತುತ್ತಲೇ ಇರಲಿಲ್ಲ.

ನೀವು ಆ ಚಕ್ರದ ಮುಂದೆ ಕೂತಿದ್ದರೆ

ಎಲ್ಲ ಸೈಟೂ ಹೀಗೆ ಇಲ್ಲ, ಆದ್ದರಿಂದ ಗೊತ್ತಿದ್ದದ್ದು ಹೇಳಿಬಿಡ್ತೀನಿ. ಹಣ ಹೋಗಿದೆ, ಪುಟ ಬಂದಿಲ್ಲ ಅಂದರೆ ಬ್ಯಾಕ್ ಒತ್ತಿ ಸಿಗುವ ಪುಟವನ್ನು ನಂಬಬೇಡಿ. ಅದು ಹಳೇ ಹಾಳೆ. ಹೊಸ ಟ್ಯಾಬ್ ತೆರೆದು ಸೈಟ್‌ಗೆ ಹೊಸದಾಗಿ ಲಾಗಿನ್ ಆಗಿ, ಅಲ್ಲಿ ಪಾವತಿಯ ಸ್ಥಿತಿ ನೋಡಿ. ಬ್ಯಾಂಕಿನ ಎಸ್‌ಎಂಎಸ್‌ನಲ್ಲಿರುವ ವಹಿವಾಟಿನ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಯುಪಿಐನಲ್ಲಿ ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೋ ಸಂಸ್ಥೆಗೋ ಖಾತ್ರಿ ಮುಟ್ಟದಿದ್ದರೆ, ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಇದು 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ. ಆದರೆ ತಿಪಟೂರಿನವರದ್ದು ಈ ಲೆಕ್ಕಕ್ಕೆ ಬರಲಿಲ್ಲ ನೋಡಿ. ಅವರ ಎರಡೂ ಪಾವತಿ ಯಶಸ್ವಿ. ಬ್ಯಾಂಕಿನ ಕಣ್ಣಲ್ಲಿ ಏನೂ ತಪ್ಪಾಗಿಲ್ಲ. ಅಂಥ ಕಡೆ ಹಣ ತೆಗೆದುಕೊಂಡ ಸಂಸ್ಥೆಯನ್ನೇ ಕೇಳಬೇಕು, ಬರಹದಲ್ಲಿ, ಎರಡೂ ವಹಿವಾಟಿನ ಸಂಖ್ಯೆ ಹಾಕಿ.

ಅವರ ಹಣ ಮರಳಲು ಹತ್ತೊಂಬತ್ತು ದಿನ ಹಿಡಿಯಿತು. ಕಾಲೇಜಿನ ಆಫೀಸಿಗೆ ನಾನೂ ದಿನ ಬಿಟ್ಟು ದಿನ ಫೋನ್ ಮಾಡಿದೆ. ಮಗಳ ಹೆಸರು ಪರಿಶೀಲನೆಯ ಪಟ್ಟಿಯಲ್ಲಿ ಸರಿಯಾಗಿ ಬಂತು, ಸೀಟೂ ಸಿಕ್ಕಿತು. ಸಿಕ್ಕಿದ ದಿನ ಒಂದು ವಾಟ್ಸ್‌ಆ್ಯಪ್ ಮೆಸೇಜು, ಅಷ್ಟೇ.

ಮರುವರ್ಷ ಜೂನ್‌ನಲ್ಲಿ ಒಂದು ಸಂಜೆ ಅದೇ ನಂಬರಿನಿಂದ ಫೋನ್ ಬಂತು. ತಮ್ಮನ ಮಗನ ಅರ್ಜಿ ತುಂಬುತ್ತಾ ಇದ್ದರು, ನಮ್ಮದೇ ಸೈಟು.

‘ಮೇಡಂ, ಫೋಟೊ ಅಡ್ಡಡ್ಡ ಬಂದ್ಬಿಟ್ಟಿದೆ. ಈಗ ಫೀಸಿನ ಪುಟದಲ್ಲಿದೀನಿ, ದುಡ್ಡು ಕಟ್ಟಿಲ್ಲ. ಹಿಂದಕ್ಕೆ ಹೋಗ್ಬಹುದಾ?’

‘ಹೋಗಿ ಸರ್.’

‘ನಿಮ್ ಗುಂಡಿ ಒತ್ಲಾ, ಫೋನಿನ ಬ್ಯಾಕ್ ಒತ್ಲಾ?’

ಯಾವುದಾದರೂ ಒತ್ತಿ ಅಂದೆ. ಹಾಗೆ ಅಂದೆನಾದರೂ ಎದೆ ಢವಗುಟ್ಟುತ್ತಿತ್ತು. ಆ ಕಡೆ ಸ್ವಲ್ಪ ಹೊತ್ತು ಬರೀ ಮಂಡಿಯ ಗದ್ದಲ.

‘ಹಾಂ, ಬಂತು. ಹೆಸರಿದೆ, ಮಾರ್ಕ್ಸ್ ಇದೆ... ಎಲ್ಲಾ ಇದೆ ಮೇಡಂ. ಫೋಟೊ ಮಾತ್ರ ಅಡ್ಡಡ್ಡನೇ ಇದೆ.’

‘ಅದನ್ನ ತೆಗೆದು ಬೇರೆ ಹಾಕಿ ಸರ್.’

‘ಬೇರೆ ಫೋಟೊ ಮನೇಲಿದೆ. ನಾಳೆ ಬೆಳಿಗ್ಗೆ ಹಾಕ್ತೀನಿ, ಅಲ್ಲೀವರ್ಗೂ ಇದು ಹಿಂಗೇ ಇರುತ್ತಲ್ವಾ?’

ಇರುತ್ತೆ ಅಂದೆ. ಮಾರನೇ ಬೆಳಿಗ್ಗೆ ಆಫೀಸಿಗೆ ಹೋದವಳೇ ಆ ಅರ್ಜಿ ತೆರೆದು ನೋಡಿದೆ. ಫೋಟೊ ನೆಟ್ಟಗೆ ಕೂತಿತ್ತು, ಪಾವತಿ ಒಂದೇ ಇತ್ತು.